ಡೊರೀನ್ ಮೇ ಹೆಸರಿನಲ್ಲಿ

ನಮ್ಮ ಅಕ್ಕ ನೋಲೀನ್ ಹಟಕ್ಕೆ ಬಿದ್ದರೆ ಅವಳನ್ನು ಒಂದಿಂಚು ಅಲುಗಾಡಿಸುವುದು ನಮ್ಮಪ್ಪನಿಂದಲೂ ಆಗಿರಲಿಲ್ಲ, ಕಟ್ಟಿಕೊಂಡ ಇಬ್ಬರು ಗಂಡಂದಿರಿಂದಲೂ ಆಗಿರಲಿಲ್ಲ. ಬ್ರಿಸ್ಬೇನಿನಲ್ಲಿ ಕೂತ ಯಾವುದೋ ಹುಡುಗಿ ಅರ್ಜಿ ವಾಪಸ್ಸು ಕಳಿಸಿದ ಮಾತ್ರಕ್ಕೆ ಅವಳು ಕೈ ಚೆಲ್ಲುತ್ತಾಳೆ ಎಂದು ನಾನು ಹೇಗೆ ಅಂದುಕೊಂಡೆನೋ, ನನ್ನ ಬುದ್ಧಿಗೆ ಹೇಳಬೇಕು.

ನಮ್ಮದು ಸಿಗಡಿ ಹಿಡಿಯುವ ಬೋಟು, ಹೆಸರು ಡೊರೀನ್ ಮೇ. ನೋಲೀನ್ ಅದರ ತಾಂಡೇಲ, ಬೋಟು ನಡೆಸುವವಳು. ಅರವತ್ತೊಂದಾಯಿತು, ಆದರೂ ಅವಳು ಚುಕ್ಕಾಣಿ ಹಿಡಿದರೆ ಗಂಡಸರು ಬಾಯಿ ಮುಚ್ಚಿಕೊಂಡು ಹೇಳಿದ ಕಡೆ ನಿಲ್ಲುತ್ತಾರೆ. ನಾನು ಗ್ಲೆನಿಸ್, ಅವಳಿಗಿಂತ ನಾಲ್ಕು ವರ್ಷ ಚಿಕ್ಕವಳು. ನನಗೆ ಅಲೆ ಕಂಡರೆ ಹೊಟ್ಟೆ ತೊಳಸುತ್ತದೆ, ಹಾಗಾಗಿ ನನ್ನ ಪಾರುಪತ್ಯವೆಲ್ಲ ನಮ್ಮೂರು ನೋರಾ ಕ್ರೀಕಿನಲ್ಲಿ ಬೋಟು ಕಟ್ಟುವ ದಕ್ಕೆಯ ಮೇಲೆ. ಬೋಟು ಬರುವ ಹಿಂದಿನ ದಿನ ಗಿರಾಕಿಗಳಿಗೆ ಮೆಸೇಜು ಹಾಕುವುದು, ಬಂದ ಮೇಲೆ ತೂಗಿ ಮಾರುವುದು. ಮೆಸೇಜು ಉದ್ದವೇನಲ್ಲ. "ನಾಳೆ ಬೆಳಿಗ್ಗೆ ಏಳಕ್ಕೆ ದಕ್ಕೆಯಲ್ಲಿ. ಬೋಟಿನಲ್ಲೇ ಬೇಯಿಸಿದ ಕಿಂಗ್ ಸಿಗಡಿ. ಐಸ್ ಪೆಟ್ಟಿಗೆ ನೀವೇ ತನ್ನಿ." ಕಳಿಸಿದವರ ಜಾಗದಲ್ಲಿ ನಂಬರು ಕಾಣುವುದಿಲ್ಲ, ಡೊರೀನ್ ಮೇ ಎಂದೇ ಕಾಣುತ್ತದೆ. ಆರುನೂರು ಫೋನಿಗೆ ಹೋಗುತ್ತದೆ. ಏಳಕ್ಕೆ ಮುಂಚೆಯೇ ಜನ ಚಪ್ಪಲಿ ಮೆಟ್ಟಿಕೊಂಡು ಬಂದು ಸಾಲು ನಿಲ್ಲುತ್ತಾರೆ, ಒಂಬತ್ತಕ್ಕೆಲ್ಲ ನಮ್ಮ ಮಾಲು ಖಾಲಿ.

ಆ ಮೆಸೇಜು ಇಲ್ಲದಿದ್ದರೆ ನಮ್ಮ ಸಿಗಡಿಯೆಲ್ಲ ಸಗಟು ವ್ಯಾಪಾರಿಯ ಲಾರಿಗೆ. ಅಪ್ಪನ ಕಾಲದಲ್ಲಿ ಹಾಗೇ ಇತ್ತು. ಲಾರಿಯವನು ಬಂದಾಗ ಬಂದ, ಹೇಳಿದ್ದೇ ದರ. ಅಪ್ಪ ಅವನೆದುರು ಟೋಪಿ ತೆಗೆದು ನಿಲ್ಲುತ್ತಿದ್ದುದನ್ನು ನಾವಿಬ್ಬರೂ ಕಣ್ಣಾರೆ ನೋಡಿದ್ದೇವೆ. ನೋಲೀನ್ ಬೋಟು ಕೊಂಡ ದಿನವೇ ಹೇಳಿದ್ದಳು, ನಾನು ಹಿಡಿದದ್ದನ್ನು ತಿನ್ನುವವರ ಮುಖ ನೋಡಿಯೇ ಮಾರುತ್ತೇನೆ ಎಂದು.

ಹೋದ ಈಸ್ಟರಿಗೆ ಕಳ್ಳರು ನುಗ್ಗಿದ್ದು ಆ ಮೆಸೇಜಿನೊಳಕ್ಕೆ. ಗುಡ್ ಫ್ರೈಡೆಯ ದಿನ ನಮ್ಮ ಊರಿನಲ್ಲಿ ಸಿಗಡಿ ಇಲ್ಲದ ಊಟದ ಮೇಜೇ ಇಲ್ಲ. ಆದರೆ ಆ ವಾರ ಗಾಳಿ ಕೆಟ್ಟು, ಬೋಟು ಹವಳದಿಬ್ಬದ ಮರೆಯಲ್ಲಿ ಲಂಗರು ಹಾಕಿ ಕೂತಿತ್ತು. ಬೋಟು ಬಾರದ ಮೇಲೆ ಮಾರುವುದೇನು? ನಾನು ಮೆಸೇಜು ಹಾಕದೆ ಮಗಳ ಮನೆಗೆ ಹೋಗಿಬಿಟ್ಟೆ. ಗುರುವಾರ ಎಲ್ಲರ ಫೋನಿಗೂ ಮೆಸೇಜು ಬಂತು. "ಹಬ್ಬಕ್ಕೆ ಸಿಗಡಿ ಕಡಿಮೆ ಇದೆ. ಇಲ್ಲಿ ಒತ್ತಿ ಮುಂಗಡ ಕಟ್ಟಿದವರಿಗೆ ಮೊದಲು." ಕಳಿಸಿದವರು: ಡೊರೀನ್ ಮೇ. ಆಗ ಯಾರು ಬೇಕಾದರೂ ಯಾವ ಹೆಸರು ಹಾಕಿಯಾದರೂ ಕಳಿಸಬಹುದಿತ್ತು. ಫೋನಿನಲ್ಲಿ ಮೇಲೆ ನಾನು ಹಾಕಿದ್ದ ಹಳೆಯ ಮೆಸೇಜುಗಳು, ಅವುಗಳ ಕೆಳಗೇ ಇದು, ಒಂದೇ ಕೈ ಬರೆದ ಹಾಗೆ. ಯಾವ ಜಾಣನಿಗೂ ವ್ಯತ್ಯಾಸ ಗೊತ್ತಾಗುವಂತಿರಲಿಲ್ಲ. ಸೋಮವಾರ ನಾನು ವಾಪಸ್ಸು ಬಂದಾಗ ಊರು ನನ್ನ ಮೈಮೇಲೆ ಬಿತ್ತು. ಕೆಲವರಿಗೆ ಬ್ಯಾಂಕಿನವರು ದುಡ್ಡು ಹಿಂದಿರುಗಿಸಿದರು, ಕೆಲವರಿಗೆ ಇಲ್ಲ. ಇವತ್ತಿಗೂ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುವವರಿದ್ದಾರೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ, ಕದ್ದವನು ಎಲ್ಲೋ ಹಾಯಾಗಿದ್ದಾನೆ, ಕಳ್ಳಿ ನಾನಾದೆ.

ಇಂಥವರ ಕಾಟ ತಡೆಯಲೆಂದೇ ಸರ್ಕಾರ ಹೊಸ ನಿಯಮ ತಂದದ್ದು. ಹೆಸರು ಹಾಕಿ ಮೆಸೇಜು ಕಳಿಸುವ ಪ್ರತಿಯೊಬ್ಬರೂ ತಾವು ಯಾರು, ಆ ಹೆಸರು ತಮಗೆ ಹೇಗೆ ಸೇರಿದ್ದು ಎಂದು ತೋರಿಸಿ ನೋಂದಾಯಿಸಬೇಕು. ಇಲ್ಲವಾದರೆ ಜುಲೈ ಒಂದರಿಂದ ಆ ಹೆಸರಿನ ಬದಲು "ಪರಿಶೀಲಿಸಿಲ್ಲ" ಎಂದು ಬರುತ್ತದೆ. ನಿಯಮವನ್ನು ನಾನು ಬೈಯುವುದಿಲ್ಲ, ನಮ್ಮಂಥವರ ಒಳ್ಳೆಯದಕ್ಕೇ ಮಾಡಿದ್ದು. ನಾನು ಬೈದದ್ದು ಅರ್ಜಿಯನ್ನು.

ಅರ್ಜಿ ನಮ್ಮ ಮೆಸೇಜು ಕಳಿಸಿಕೊಡುವ ಬ್ರಿಸ್ಬೇನಿನ ಕಂಪನಿಯ ಮೂಲಕ ಹೋಗಬೇಕಿತ್ತು. ಜೂನ್ ಎರಡನೆಯ ವಾರ ದಕ್ಕೆಯ ತಕ್ಕಡಿ ಮೇಜಿನ ಮೇಲೆ ಇಬ್ಬರೂ ಕೂತೆವು. ಮೊದಲನೆಯದು, ನೋಲೀನ್ ನೋಲೀನೇ ಎಂದು ಫೋನು ಒಪ್ಪಬೇಕು. ಡ್ರೈವಿಂಗ್ ಲೈಸೆನ್ಸಿನ ಫೋಟೋ ಹಿಡಿದು, ಆಮೇಲೆ ಮುಖ ತೋರಿಸು ಎಂದಿತು. ತೋರಿಸಿದಳು. ಹೊಂದುವುದಿಲ್ಲ ಎಂದಿತು. ಲೈಸೆನ್ಸಿನ ಫೋಟೋ ತೆಗೆದ ಮೇಲೆ ಒಂದು ದಿನ ಕಬ್ಬಿಣದ ಕಪ್ಪಿ ಬಂದು ಬಡಿದು ಇವಳ ಮೂಗು ಎಡಕ್ಕೆ ತಿರುಗಿದೆ, ಅದು ಫೋನಿಗೆ ಹೇಗೆ ಗೊತ್ತಾಗಬೇಕು?

"ಮೂಗು ಸ್ವಲ್ಪ ಬಲಕ್ಕೆ ಒತ್ಕೋ," ಅಂದೆ.

"ಅದು ಮೋಸ ಆಗುತ್ತೆ."

"ನಿನ್ನ ಮೂಗೇ ಕಣೇ ಅದು."

"ಆಗಲ್ಲ. ಹೊಸ ಫೋಟೋ ತೆಗೆಸಿ ಲೈಸೆನ್ಸೇ ಬದಲಾಯಿಸ್ತೀನಿ."

ಮಾರನೆಯ ದಿನ ಎಪ್ಪತ್ತು ಕಿಲೋಮೀಟರ್ ಗಾಡಿ ಹೊಡೆದುಕೊಂಡು ಹೋಗಿ ಸೊಟ್ಟ ಮೂಗಿನ ಫೋಟೋ ಹಾಕಿಸಿಕೊಂಡು ಬಂದಳು. ಫೋನು ಮೊದಲ ಸಲಕ್ಕೇ ಒಪ್ಪಿಕೊಂಡಿತು. ನಾನು ಗೆದ್ದೆವು ಎಂದುಕೊಂಡೆ. ನಾಲ್ಕು ದಿನ ಬಿಟ್ಟು ಕಂಪನಿಯ ಹುಡುಗಿ ಫೋನ್ ಮಾಡಿದಳು, ಇಮೋಜೆನ್ ಅಂತ ಹೆಸರು, ದನಿ ಕೇಳಿದರೆ ಬಯ್ಯಲು ಮನಸ್ಸು ಬಾರದಂಥವಳು.

"ನಿಮ್ಮ ಗುರುತು ಸರಿಯಾಗಿದೆ, ನಿಮ್ಮ ವ್ಯಾಪಾರದ ನಂಬರೂ ಸರಿಯಾಗಿದೆ," ಅಂದಳು. "ಆದ್ರೆ ಅದು ಎನ್. ಪ್ಯಾಸ್ಕೋ ಮೀನುಗಾರಿಕೆ ಅಂತಿದೆ. ಡೊರೀನ್ ಮೇ ಅನ್ನೋದು ಬೇರೆಯವರ ಹೆಸರಲ್ಲಿ ನೋಂದಣಿಯಾಗಿದೆ."

"ಯಾರ ಹೆಸರಲ್ಲಿ?" ಅಂದಳು ನೋಲೀನ್.

"ಸೆಸಿಲ್ ಟ್ರಾಂಟರ್. ಅವರ ಒಪ್ಪಿಗೆ ಪತ್ರ ಇಲ್ದೆ ಅರ್ಜಿ ವಾಪಸ್ಸು ಕಳಿಸ್ಬೇಕಾಗುತ್ತೆ."

ನೋಲೀನ್ ಸರಿ ಎಂದು ಫೋನಿಟ್ಟಳು. ನನಗೆ ಮಾತ್ರ ತಲೆ ಧಿಮ್ಮೆಂದಿತು.

ಸೆಸ್ ಟ್ರಾಂಟರ್ ಈ ಬೋಟಿನ ಹಿಂದಿನ ಯಜಮಾನ. ಡೊರೀನ್ ಮೇ ಅವನ ತಾಯಿ. ನೋಲೀನ್ ಹದಿನಾಲ್ಕು ವರ್ಷ ಅವನ ಕೈಕೆಳಗೆ ಖಲಾಸಿಯಾಗಿ ಬಲೆ ಎಳೆದವಳು. ಹನ್ನೊಂದು ವರ್ಷದ ಹಿಂದೆ ಮಂಡಿ ಕೈಕೊಟ್ಟು ಅವನು ಬೋಟು ಮಾರಿದಾಗ ಇವಳೇ ಕೊಂಡಳು. ಹೆಂಡದಂಗಡಿಯ ಮೇಜಿನ ಮೇಲೆ ಕಾಗದ ಬರೆದರು, ಬರೆದವಳು ನಾನೇ. ಬೋಟು, ಎಂಜಿನ್, ಬಲೆ, ಪರವಾನಗಿ, ಸಿಗಡಿ ಬೇಯಿಸುವ ಕೊಪ್ಪರಿಗೆ, ಕೊನೆಗೆ ಚಹಾ ಕಾಯಿಸುವ ಕೆಟಲ್ ಕೂಡ ಬರೆದಿದ್ದೇನೆ. ಹೆಸರು ಬರೆಯಲಿಲ್ಲ. ಯಾರು ಬರೆಯುತ್ತಾರೆ? ನಮ್ಮ ದಕ್ಕೆಯಲ್ಲಿ ಬೋಟಿನ ಹೆಸರು ಬದಲಾಯಿಸುವ ಗಂಡೆದೆಯವರು ಇನ್ನೂ ಹುಟ್ಟಿಲ್ಲ. ಹೆಸರು ಅಳಿಸಿದ ಬೋಟು ಮುಳುಗುತ್ತದೆ, ಅಷ್ಟೇ, ಅದರಲ್ಲಿ ಚರ್ಚೆ ಇಲ್ಲ. ಪೆಟೂನಿಯಾ ಎಂಬ ಹೂವಿನ ಹೆಸರಿನ ಬೋಟಿನಲ್ಲಿ ಮೂವರು ಗಡ್ಡದ ದಾಂಡಿಗರು ದುಡಿಯುತ್ತಾರೆ, ಹೆಸರು ಕೇಳಿ ನಕ್ಕವರಿಗೆ ಗುದ್ದು ಕೊಡುತ್ತಾರೆಯೇ ಹೊರತು ಹೆಸರು ಬದಲಾಯಿಸುವುದಿಲ್ಲ. ಬೋಟು ಯಾರದೋ, ಹೆಸರೂ ಅವರದೇ ಎಂಬುದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಸರ್ಕಾರದ ಪುಸ್ತಕಕ್ಕೆ ಗೊತ್ತಿರಲಿಲ್ಲ. ಸೆಸ್ ಹಳೆಯ ಕಾಲದಲ್ಲಿ ಆ ಹೆಸರನ್ನು ವ್ಯಾಪಾರದ ಹೆಸರೆಂದು ಬರೆಸಿದ್ದ, ಮೂರು ವರ್ಷಕ್ಕೊಮ್ಮೆ ಇವತ್ತಿನವರೆಗೂ ನವೀಕರಿಸಿಕೊಂಡು ಬಂದಿದ್ದ.

ಅವನನ್ನು ಕೇಳಿದರೆ ಮುಗಿಯಿತಲ್ಲ ಎನ್ನಬಹುದು. ನೋಲೀನ್ ಮತ್ತು ಸೆಸ್ ಮಾತು ಬಿಟ್ಟು ಹತ್ತು ವರ್ಷ. ಬೋಟು ಮಾರಿದ ಮೊದಲ ಋತುವಿನಲ್ಲಿ ಅವನು ಒಂದು ದಿನ ಸುಮ್ಮನೆ ನೋಡಲೆಂದು ಜೊತೆಗೆ ಹೋದ. ಸುಮ್ಮನಿರಲು ಅವನಿಂದ ಆಗುತ್ತದೆಯೇ? ಆಳದಲ್ಲಿ ಬಲೆ ಬಂಡೆಗೆ ಸಿಕ್ಕಿತು, ಹಗ್ಗದ ಬಳಿ ನಮ್ಮ ಖಲಾಸಿ ಕೆಲ್ವಿನ್ ಇದ್ದ. ಇವಳೊಂದು ಹೇಳಿದರೆ ಅವನೊಂದು ಕೂಗಿದ. ನೋಲೀನ್ ಬೋಟು ತಿರುಗಿಸಿ, ಬಂದರಿನ ಡೀಸೆಲ್ ಕಟ್ಟೆಗೆ ತಂದು, ಅಲ್ಲಿ ನಿಂತಿದ್ದ ಹದಿನೈದು ಇಪ್ಪತ್ತು ಜನರೆದುರು "ಇಳಿ" ಎಂದಳು. ನಲವತ್ತು ವರ್ಷ ಆ ಬೋಟನ್ನು ಆಳಿದವನು ಮಂಡಿ ಹಿಡಿದುಕೊಂಡು ಏಣಿ ಹತ್ತಿದ. ಅವತ್ತಿನಿಂದ ಅವನು ದಕ್ಕೆಯ ಕಡೆ ತಲೆ ಹಾಕಿಲ್ಲ ಎಂದೇ ನಾವು ತಿಳಿದಿದ್ದೆವು.

"ನಿನ್ನ ಹೆಸರೇ ಹಾಕ್ಬಿಡೋಣ ಕಣೇ," ಅಂದೆ ನಾನು. "ನೋಲೀನ್ ಪ್ಯಾಸ್ಕೋ. ಒಂದು ವಾರದಲ್ಲಿ ಕೆಲ್ಸ ಮುಗಿಯುತ್ತೆ."

"ನೋಲೀನ್ ಪ್ಯಾಸ್ಕೋ ಯಾರು?"

"ನೀನೇ ಮಾರಾಯ್ತಿ."

"ಗಿರಾಕಿಗೆ ಯಾರು? ಈಸ್ಟರಲ್ಲಿ ಕೈ ಸುಟ್ಕೊಂಡೋರು ಗೊತ್ತಿಲ್ಲದ ಹೆಸರು ಕಂಡ್ರೆ ಓದದೇನೇ ಅಳಿಸ್ತಾರೆ. ಅದೂ ಹೋಗ್ಲಿ. ಕಳ್ಳರು ಕೆಡಿಸಿದ್ದು ಡೊರೀನ್ ಮೇ ಹೆಸರನ್ನ. ಅದನ್ನ ಕೆಸರಲ್ಲಿ ಬಿಟ್ಟು ನಾವು ಬೇರೆ ಹೆಸರು ಹಾಕ್ಕೊಂಡು ಓಡಿಹೋದ್ರೆ, ಕದ್ದಿದ್ದು ನಾವೇ ಅಂತಾಗಲ್ವಾ?"

"ಹಾಗಾದ್ರೆ ಲಾರಿಗೆ ಹಾಕು. ಅಪ್ಪನ ಟೋಪಿ ಹುಡುಕ್ಕೊಡ್ತೀನಿ."

ಅವಳು ನನ್ನನ್ನು ಒಂದು ನೋಟ ನೋಡಿದಳು. ಆ ಮಾತು ಆಡಬಾರದಿತ್ತು, ಆಡಿಯಾಗಿತ್ತು.

"ಸೆಸ್‌ಗೆ ಫೋನ್ ಮಾಡು," ಅಂದಳು.

"ನೀನೇ ಮಾಡು."

"ನನ್ನ ದನಿ ಕೇಳಿದ್ರೆ ಇಟ್ಬಿಡ್ತಾನೆ."

ನನ್ನ ದನಿ ಕೇಳಿಯೂ ಅವನು ಇಡಲಿಲ್ಲ. ಹೊಸ ನಿಯಮದ ವಿಷಯವಷ್ಟೇ ಹೇಳಿದೆ. ಒಪ್ಪಿಗೆ ಪತ್ರ ಒಂದು ಕೊಟ್ಟರೆ ಸಾಕು, ಆಮೇಲೆ ನಿಧಾನವಾಗಿ ಹೆಸರು ವರ್ಗಾಯಿಸಬಹುದು ಎಂದೆ. ಕೆಮ್ಮಿದ.

"ನಿಮ್ಮಕ್ಕನಿಗೆ ಹೇಳು," ಅಂದ. "ಎರಡು ಸಲ ನನ್ನನ್ನ ಊರ ಮುಂದೆ ಬೆಪ್ಪು ಮಾಡಿದ್ಲು. ಮೂರನೇ ಸಲಕ್ಕೆ ನಾನು ಸಿಗಲ್ಲ." ಆಮೇಲೆ ಇಟ್ಟ.

ನೋಲೀನ್ ಬಲೆಯ ಹರಿದ ಕಡೆ ಗಂಟು ಹಾಕುತ್ತಿದ್ದಳು. ಹೇಳಿದ್ದು ಕೇಳಿ ಕೈ ನಿಲ್ಲಿಸಿದಳು. "ಎರಡು ಸಲನಾ? ನಾನು ಮಾಡಿದ್ದು ಒಂದೇ ಸಲ."

"ಮುದುಕನಿಗೆ ಅರಳುಮರಳು ಇರ್ಬೇಕು."

"ಸೆಸ್‌ಗೆ ಅರಳುಮರಳಾ? ನಡಿ, ಹೋಗಿ ಕೇಳೋಣ."

ಜುಲೈ ಒಂದಕ್ಕೆ ಆಗ ಹನ್ನೆರಡು ದಿನ ಉಳಿದಿತ್ತು.

ಸೆಸ್‌ನ ಮನೆ ಬೌಲಿಂಗ್ ಕ್ಲಬ್ಬಿನ ಹಿಂದೆ. ವೆರಾಂಡದಲ್ಲಿ ಕೂತು ಮೀನು ಸೀಳುವ ಚೂರಿಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಎಂಬತ್ತೆರಡು ವಯಸ್ಸು, ಕೈ ಮಾತ್ರ ನಡುಗುತ್ತಿರಲಿಲ್ಲ. ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ನೋಲೀನ್ ಮೆಟ್ಟಿಲ ಮೇಲೆ ಕೂತಳು. ನಾನು ನಿಂತೇ ಇದ್ದೆ, ಜಗಳವಾದರೆ ಓಡುವುದು ಸುಲಭ.

"ಮೊದಲು ಡೀಸೆಲ್ ಕಟ್ಟೆಯ ವಿಷಯಕ್ಕೆ ತಪ್ಪಾಯ್ತು ಅನ್ನು," ಅಂದ ಸೆಸ್. "ಆಮೇಲೆ ಮಿಕ್ಕಿದ ಮಾತು."

"ಅನ್ನಲ್ಲ."

"ಹಾಗಾದ್ರೆ ಯಾಕೆ ಬಂದೆ?"

"ಸುಳ್ಳು ಹೇಳಿ ಹೆಸರು ತಗೊಂಡು ಹೋಗೋಕೆ ಬಂದಿಲ್ಲ. ಬೋಟಿಗೆ ಒಬ್ಬನೇ ತಾಂಡೇಲ, ಇದನ್ನ ಹೇಳ್ಕೊಟ್ಟೋನು ನೀನೇ. ಕೆಲ್ವಿನ್ ಕೈ ಬಲೆ ಎಳೆಯೋ ಯಂತ್ರದ ಹಗ್ಗದ ಮೇಲಿತ್ತು, ಅವನ ಕಿವಿಗೆ ಎರಡು ಬಾಯಿ ಕೂಗ್ತಿದ್ವು. ಇವತ್ತಾದ್ರೂ ನಿನ್ನನ್ನ ಇಳಿಸ್ತಿದ್ದೆ."

ನನಗೆ ಅಲ್ಲೇ ಅವಳ ಕುತ್ತಿಗೆ ಹಿಸುಕಬೇಕು ಎನಿಸಿತು. ಒಂದು ಮಾತು, ಒಂದೇ ಒಂದು ಸುಳ್ಳು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ನಾನಾಗಿದ್ದರೆ ಮೂರು ಸಲ ಹೇಳಿ ಮೇಲೊಂದು ಮುತ್ತು ಕೊಟ್ಟು ಬರುತ್ತಿದ್ದೆ.

ಸೆಸ್ ಆಲೂಗಡ್ಡೆಯನ್ನು ನೀರಿಗೆ ಹಾಕಿದ. "ಸರಿ. ಅದು ಬೋಟಿನ ವಿಷಯ, ಬಿಡು. ಗುಡ್ ಫ್ರೈಡೆದು?"

"ಗುಡ್ ಫ್ರೈಡೆದು ಏನು?"

ಅವನು ಉತ್ತರ ಕೊಡದೆ ಜೇಬಿನಿಂದ ಫೋನು ತೆಗೆದು ಹುಡುಕಿ ಅವಳ ಮುಂದೆ ಹಿಡಿದ. ನಾನೂ ಬಗ್ಗಿ ನೋಡಿದೆ. ಮೇಲೆ ನನ್ನ ಮೆಸೇಜುಗಳು ಸಾಲಾಗಿ, ನಾಲ್ಕು ವರ್ಷದವು. ಕೆಳಗೆ ಆ ಕಳ್ಳ ಮೆಸೇಜು.

"ನಿನ್ನ ಫೋನಿಗೆ ನಮ್ಮ ಮೆಸೇಜ್ ಹೇಗೆ ಬರುತ್ತೆ?" ಅಂದೆ.

"ಪಕ್ಕದ ಮನೆ ಲೋರ್ನಾ ಬರೆಸಿದ್ಲು. ಅವಳ ತಮ್ಮನ ನಂಬರು ಅಂತ."

ಲೋರ್ನಾ ಕ್ವಿಲ್ ಪ್ರತಿ ಸಲವೂ ನಾಲ್ಕು ಕಿಲೋ ಒಯ್ಯುತ್ತಿದ್ದಳು. ಕಡ್ಡಿಯಂಥ ಹೆಂಗಸು, ಒಬ್ಬಳೇ ಇರುವವಳು, ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ನಾನು ಅವಳ ಬೆನ್ನ ಹಿಂದೆ ನಕ್ಕಿದ್ದೆ. ನಾಲ್ಕು ವರ್ಷದಿಂದ ಸೆಸ್ ಟ್ರಾಂಟರನಿಗೆ ನಾನೇ ಸಿಗಡಿಗೆ ಕರೆ ಕಳಿಸುತ್ತಿದ್ದೆ.

"ನಾನು ದುಡ್ಡು ಕಟ್ಟಿದೆ," ಅಂದ ಸೆಸ್. ಈಗ ಅವನು ನಮ್ಮಿಬ್ಬರ ಕಡೆಯೂ ನೋಡುತ್ತಿರಲಿಲ್ಲ. "ಈ ಸಲ ಲೋರ್ನಾನ ಕಳಿಸೋದು ಬೇಡ, ನಾನೇ ಹೋಗ್ತೀನಿ ಅಂದ್ಕೊಂಡೆ. ವಯಸ್ಸಾಯ್ತಲ್ಲ, ಇನ್ನೆಷ್ಟು ದಿನ ಮುಖ ತಿರುಗಿಸ್ಕೊಂಡು ಇರೋದು? ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಆರೂವರೆಗೇ ದಕ್ಕೆಗೆ ಬಂದೆ. ಬೋಟಿಲ್ಲ, ನೀವಿಲ್ಲ. ಪೆಟೂನಿಯಾದ ಹುಡುಗರು ನನ್ನನ್ನ ನೋಡಿ ಏನೋ ಮಾತಾಡ್ಕೊಂಡು ನಕ್ರು. ಒಂಬತ್ತರವರೆಗೂ ನಿಂತಿದ್ದೆ."

ನೋಲೀನ್ ಆ ಮೆಸೇಜನ್ನು ಇನ್ನೊಮ್ಮೆ ಓದಿದಳು. ನಾನು ಆ ಹೊತ್ತಿಗೆ ಮಗಳ ಮನೆಯಲ್ಲಿ ಬಿಸಿ ಬನ್ನಿಗೆ ಬೆಣ್ಣೆ ಹಚ್ಚುತ್ತಿದ್ದೆ.

"ಸೆಸ್," ಅಂದಳು ನೋಲೀನ್, "ಇದಕ್ಕೆ ತಪ್ಪಾಯ್ತು ಅಂತೀನಿ. ಕಳಿಸಿದ್ದು ನಾವಲ್ಲ, ಕಳ್ಳರು. ಆದ್ರೆ ನಮ್ಮ ಹೆಸರಲ್ಲಿ ಬಂದಿದ್ದು, ಆ ಹೆಸರನ್ನ ಕಾಯಬೇಕಾಗಿದ್ದೋಳು ನಾನು."

"ಕಳ್ಳರಾ?"

"ಊರಲ್ಲಿ ಎಷ್ಟು ಜನ ದುಡ್ಡು ಕಳ್ಕೊಂಡ್ರು ಅಂತ ಲೋರ್ನಾ ಹೇಳ್ಲಿಲ್ವಾ?"

"ನಾನು ಕಟ್ಟಿದ್ದು ಅವಳಿಗೇ ಹೇಳಿಲ್ಲ. ಆ ಮಾತು ತೆಗೆದಾಗೆಲ್ಲ ಎದ್ದು ಒಳಗೆ ಹೋಗ್ತಿದ್ದೆ." ಫೋನನ್ನು ತಿರುಗಿಸಿ ನೋಡಿದ. "ಕತ್ತಲಲ್ಲಿ ದೀಪ ನೋಡಿ ಬೋಟು ಯಾರದು ಅಂತ ಹೇಳ್ತಿದ್ದೋನು ನಾನು. ಇದು ಗೊತ್ತಾಗ್ಲಿಲ್ಲ."

"ಯಾರಿಗೆ ಗೊತ್ತಾಯ್ತು? ಅವತ್ತು ನನ್ನ ಫೋನಿಗೂ ಬಂತು. ನಾನು ಬೋಟಲ್ಲೇ ಕೂತಿದ್ದೆ, ಬೋಟು ದಿಬ್ಬದ ಹಿಂದಿತ್ತು, ಆದ್ರೂ ಇವಳು ಯಾಕೆ ಹೀಗೆ ಹಾಕಿದ್ಲು ಅಂತ ಇವಳಿಗೇ ಬೈದೆ."

ಇದು ನನಗೆ ಹೊಸ ಸುದ್ದಿ. ಆಮೇಲೆ ವಿಚಾರಿಸಿಕೊಳ್ಳೋಣ ಎಂದು ಸುಮ್ಮನಾದೆ.

"ಅದಕ್ಕೇ ನನಗೆ ಈ ಹೆಸರು ಬೇಕು," ಅಂದಳು ನೋಲೀನ್. "ಕಾಗದದ ಮೇಲೆ, ಸರಿಯಾಗಿ. ಇನ್ಮೇಲೆ ಡೊರೀನ್ ಮೇ ಅಂತ ಫೋನಲ್ಲಿ ಕಂಡ್ರೆ ಅದು ಈ ಬೋಟೇ ಆಗಿರ್ಬೇಕು. ಇಷ್ಟು ವರ್ಷ ಆ ಹೆಸರನ್ನ ಯಾಕೆ ಇಟ್ಕೊಂಡಿದ್ದೆ ನೀನು? ನನ್ನ ಮೇಲಿನ ಸಿಟ್ಟಿಗಾ?"

"ನಮ್ಮಮ್ಮನ ಹೆಸರು," ಅಂದ. "ನಾನು ಬಿಟ್ರೆ ಯಾವನೋ ಸಿಟಿಯೋನು ತಗೊಂಡು ಡಬ್ಬದ ಮೀನಿಗೆ ಅಂಟಿಸ್ತಾನೆ ಅಂತ."

ಅವನು ಇನ್ನೊಂದು ಆಲೂಗಡ್ಡೆ ಎತ್ತಿಕೊಂಡ. ಅರ್ಧ ಸಿಪ್ಪೆ ತೆಗೆದು, "ಒಪ್ಪಿಗೆ ಕಾಗದ ಅಲ್ಲಿಟ್ಟು ಹೋಗು," ಎಂದ. ಇಟ್ಟು ಬಂದೆವು. ಸಹಿ ಹಾಕುತ್ತೇನೆ ಎಂದು ಹೇಳಲಿಲ್ಲ.

ಒಂದು ವಾರ ಸುದ್ದಿಯಿಲ್ಲ. ನಾನು ಕೇಳಲು ಹೋಗುತ್ತೇನೆ ಎಂದರೆ ನೋಲೀನ್ ಬಿಡಲಿಲ್ಲ. ಹೋಗಿ ಹೋಗಿ ಪೀಡಿಸಿದರೆ ಕೊಟ್ಟದ್ದೂ ಕೊಟ್ಟಂತಲ್ಲ ಎಂದಳು. ಸಗಟು ವ್ಯಾಪಾರಿಯ ಲಾರಿಯವನು ಮೂಗಿಗೆ ವಾಸನೆ ಬಡಿದವನಂತೆ ಎರಡು ಸಲ ದಕ್ಕೆಗೆ ಬಂದು, ಜುಲೈಯಿಂದ ನಿಮಗೂ ಜಾಗ ಇಡಲೇ ಎಂದು ಕೇಳಿ ಹೋದ. ನಾನು ಹಲ್ಲು ಕಚ್ಚಿಕೊಂಡೆ. ನೋಲೀನ್ ಅವನಿಗೆ ಚಹಾ ಕೊಟ್ಟು ಬೇಡವೆಂದಳು, ಎರಡು ಸಲವೂ.

ಜೂನ್ ಇಪ್ಪತ್ತೊಂಬತ್ತು, ಸೋಮವಾರ. ಬೋಟು ಆಗಷ್ಟೇ ದಕ್ಕೆಗೆ ತಾಗಿತ್ತು. ಕೆಲ್ವಿನ್ ಐಸ್ ಪೆಟ್ಟಿಗೆಗಳನ್ನು ಮೇಲೆ ಎತ್ತಿಕೊಡುತ್ತಿದ್ದ, ನೋಲೀನ್ ಎಂಜಿನ್ ಪಕ್ಕ ಮಂಡಿಯೂರಿದ್ದಳು. ಅವಳ ಫೋನು ನನ್ನ ತಕ್ಕಡಿಯ ಪಕ್ಕ ಹೊಡೆದುಕೊಂಡಿತು. ಇಮೋಜೆನ್. ಸೆಸ್ ಸಹಿ ಹಾಕಿದ ಪತ್ರ ಶುಕ್ರವಾರ ಅವಳಿಗೆ ಅಂಚೆಯಲ್ಲಿ ಬಂದಿದೆಯಂತೆ, ಹೆಸರಿನ ಒಡೆಯ ಬಾಯಲ್ಲೂ ಒಪ್ಪಬೇಕಂತೆ, ಅವನನ್ನೂ ಇದೇ ಕರೆಗೆ ಸೇರಿಸುತ್ತಾಳಂತೆ. ನನ್ನ ಕೈಯೆಲ್ಲ ಸಿಗಡಿ ನೀರು. ಮೊಣಕೈಯಲ್ಲಿ ಒತ್ತಿ ಎಲ್ಲರಿಗೂ ಕೇಳುವ ಹಾಗೆ ಇಟ್ಟೆ. ನೋಲೀನ್ ಮೇಲೆ ಹತ್ತಿ ಬಂದಳು.

"ಟ್ರಾಂಟರ್ ಅವರೇ, ನೋಲೀನ್ ಪ್ಯಾಸ್ಕೋ ಅವರೂ ಕೇಳಿಸ್ಕೊಳ್ತಿದ್ದಾರೆ," ಅಂದಳು ಇಮೋಜೆನ್.

"ಗೊತ್ತು," ಸೆಸ್‌ನ ದನಿ. "ಎಂಜಿನ್ ಸದ್ದು ಕೇಳಿಸ್ತಿದೆ. ಎಣ್ಣೆ ಬದಲಾಯಿಸೋ ಹೊತ್ತಾಗಿದೆ ಅದಕ್ಕೆ."

ನೋಲೀನ್ ಬಾಯಿ ತೆರೆದಳು. ನಾನು ಅವಳ ಕಾಲು ತುಳಿದೆ.

"ಡೊರೀನ್ ಮೇ ಅನ್ನೋ ಹೆಸರು ನಿಮ್ಮ ನೋಂದಣಿಯಲ್ಲಿದೆ, ಸರೀನಾ?"

"ಸರಿ."

"ಆ ಹೆಸರಲ್ಲಿ ವ್ಯಾಪಾರ ನಡೆಸ್ತಿರೋದು ನೋಲೀನ್ ಪ್ಯಾಸ್ಕೋ ಅಂತ, ಅವರು ಆ ಹೆಸರಲ್ಲಿ ಮೆಸೇಜು ಕಳಿಸ್ಬಹುದು ಅಂತ ನೀವು ಒಪ್ತೀರಾ?"

ಕೆಲ್ವಿನ್ ಪೆಟ್ಟಿಗೆ ಹಿಡಿದುಕೊಂಡೇ ನಿಂತುಬಿಟ್ಟ. ಸೆಸ್ ಇಲ್ಲ ಎಂದುಬಿಟ್ಟರೆ ಇನ್ನು ಒಂದೇ ದಿನ ಉಳಿದದ್ದು.

"ಬರ್ಕೋ ಮಗಳೇ," ಅಂದ ಸೆಸ್. "ಹತ್ತು ವರ್ಷದ ಹಿಂದೆ ಬಲೆ ಬಂಡೆಗೆ ಸಿಕ್ಕಿತ್ತು. ನಾನು ಎಳಿ ಅಂದೆ. ಅವಳು ಸಡಿಲ ಬಿಡು ಅಂದ್ಲು. ಆ ಹೊತ್ತಲ್ಲಿ ಎಳೆದಿದ್ರೆ ಕೆಲ್ವಿನ್ ಕೈ ಹೋಗ್ತಿತ್ತು. ನನಗೆ ಡೀಸೆಲ್ ಕಟ್ಟೆ ಮುಟ್ಟೋ ಮುಂಚೇನೇ ಗೊತ್ತಾಗಿತ್ತು, ಹೇಳೋಕೆ ಬಾಯಿ ಬರ್ಲಿಲ್ಲ. ಬೋಟಲ್ಲಿ ತಪ್ಪು ಮಾಡ್ದೋನು ಯಾರೇ ಆಗಿರ್ಲಿ ಇಳಿಸ್ಬೇಕು. ಅವಳು ಇಳಿಸಿದ್ಲು. ಆ ಬೋಟು ಅವಳದು. ಹೆಸರೂ ಅವಳದೇ."

ಇಮೋಜೆನ್ ಮೆತ್ತಗೆ, "ಟ್ರಾಂಟರ್ ಅವರೇ, ಇಲ್ಲಿ ಹೌದು ಅಥವಾ ಇಲ್ಲ ಅಂತ ಒತ್ತೋಕೆ ಮಾತ್ರ ಜಾಗ ಇದೆ," ಎಂದಳು.

"ಹಾಗಾದ್ರೆ ಹೌದು."

ಕೆಲ್ವಿನ್ ಪೆಟ್ಟಿಗೆಯನ್ನು ಕೆಳಗಿಟ್ಟು ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡ. ನಾನು ಅತ್ತೆ, ನಾಚಿಕೆಯೇನಿಲ್ಲ, ಗಟ್ಟಿಯಾಗಿಯೇ ಅತ್ತೆ. ನೋಲೀನ್ ಅಳಲಿಲ್ಲ. ತಕ್ಕಡಿಯ ಮೇಜಿಗೆ ಎರಡೂ ಕೈ ಊರಿ ಫೋನಿನ ಮೇಲೆ ಬಗ್ಗಿದಳು.

"ಸೆಸ್, ಮಧ್ಯಾಹ್ನ ಎರಡಕ್ಕೆ ಮತ್ತೆ ಹೊರಡ್ತೀವಿ. ಬರೋದಾದ್ರೆ ಬಾ. ಚುಕ್ಕಾಣಿ ಮುಟ್ಟೋ ಹಾಗಿಲ್ಲ."

"ಮುಟ್ಟಲ್ಲ."

"ಕೂಗೋ ಹಾಗಿಲ್ಲ."

ಇದಕ್ಕೆ ಅವನು ಬಹಳ ಹೊತ್ತು ಯೋಚನೆ ಮಾಡಿದ. ಇಮೋಜೆನ್ ಇನ್ನೂ ಕರೆಯಲ್ಲೇ ಇದ್ದಳು, ಅವಳ ಉಸಿರು ಕೇಳಿಸುತ್ತಿತ್ತು.

"ಎರಡಕ್ಕೆ ಬರ್ತೀನಿ," ಅಂದ ಸೆಸ್.